ಬ್ಲ್ಯಾಕ್ ಫಾರೆಸ್ಟ್‌ನ ಭಾರದ ಕುದುರೆ: ಎಲ್ಲಿ ನೋಡೋದು, ಯಾವಾಗ ಹೋಗೋದು

ಸ್ಟುಟ್‌ಗಾರ್ಟ್ ಕಡೆ ಕೆಲಸಕ್ಕೆ ಬಂದಿರುವ ನಮ್ಮವರು ಬ್ಲ್ಯಾಕ್ ಫಾರೆಸ್ಟ್ ಅಂದರೆ ಟಿಟಿಸೇ ಕೆರೆ, ಕುಕ್ಕೂ ಗಡಿಯಾರ ನೋಡಿ ವಾಪಸ್ ಬರುತ್ತಾರೆ. ಕುದುರೆ ಇಷ್ಟವಿದ್ದರೆ ಅಲ್ಲೇ ಬೆಟ್ಟದ ಮೇಲಿರುವ ಸಾಂಕ್ಟ್ ಮೆರ್ಗನ್ ಅನ್ನೋ ಊರಿಗೂ ಹೋಗಿ. ಫ್ರೈಬರ್ಗ್‌ನಿಂದ ಕಿರ್ಷ್‌ತ್ಸಾರ್ಟನ್‌ವರೆಗೆ ರೈಲು, ಅಲ್ಲಿಂದ ಬೆಟ್ಟ ಹತ್ತುವ ಬಸ್ಸು. ಭಾನುವಾರ ಬಸ್ಸು ಕಡಿಮೆ, ವಾಪಸ್ ಬರುವ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ. ರಾತ್ರಿ ಉಳಿಯುವುದಾದರೆ ಲಾಡ್ಜ್‌ನವರ ಹತ್ತಿರ ಕೋನುಸ್ ಕಾರ್ಡ್ ಕೇಳಿ. ಅದಿದ್ದರೆ ಬಸ್ಸು, ಲೋಕಲ್ ರೈಲು ಫ್ರೀ.

ಬ್ಲ್ಯಾಕ್ ಫಾರೆಸ್ಟ್‌ನ ಈ ಭಾರ ಎಳೆಯುವ ಕುದುರೆ ತಳಿ ಮುಖ್ಯವಾಗಿ ಕಾಡಿನಿಂದ ಮರದ ದಿಮ್ಮಿ ಎಳೆಯುವುದಕ್ಕೆ ಬೆಳೆದದ್ದು. ಎತ್ತರ 150 ಸೆಂಟಿಮೀಟರ್ ಆಸುಪಾಸು, ಅಂಥಾ ದೈತ್ಯ ಏನಲ್ಲ. ಕಡಿದಾದ ಇಳಿಜಾರಲ್ಲಿ ಮರಗಳ ಸಂದಿಯಲ್ಲಿ ತಿರುಗಬೇಕಲ್ವಾ, ಗಿಡ್ಡಗಿದ್ದರೇ ಅನುಕೂಲ. ಹಳೇ ಬೆಲ್ಲದ ಬಣ್ಣದ ಮೈ, ಅದರ ಮೇಲೆ ಬೆಳ್ಳಗಿನ ಜೂಲು. 1896ರಲ್ಲಿ ಇದೇ ಊರಲ್ಲಿ ರೈತರು ತಳಿ ಉಳಿಸಲು ಸಂಘ ಕಟ್ಟಿದರು. ಆಮೇಲೆ ಟ್ರ್ಯಾಕ್ಟರ್ ಬಂತು. 1980ರ ದಶಕದ ಶುರುವಿಗೆ ಉಳಿದದ್ದು ಸುಮಾರು 160 ತಾಯಿ ಕುದುರೆಗಳು ಮಾತ್ರ. ಈಗ ಸಂಖ್ಯೆ ಚೇತರಿಸಿಕೊಂಡಿದೆ, ಆದರೂ ಅಪರೂಪವೇ.

ಸೆಪ್ಟೆಂಬರ್‌ನಲ್ಲಿ ನಡೆಯುವ ಕುದುರೆ ಹಬ್ಬ ಮೂರು ವರ್ಷಕ್ಕೊಮ್ಮೆ. ಆ ವರ್ಷ ಸಿಕ್ಕರೆ ಬಿಡಬೇಡಿ, ರೂಮು ಮಾತ್ರ ತುಂಬಾ ಮುಂಚೆ ಹಿಡಿಯಿರಿ. ಆದರೆ ನನ್ನ ಮಾತು ಕೇಳುವುದಾದರೆ, ಹಬ್ಬಕ್ಕೆ ಕಾಯಬೇಕಾಗಿಲ್ಲ. ಬೇಸಿಗೆ ಶುರುವಿನಲ್ಲಿ ಹೋದರೆ ಹುಲ್ಲುಗಾವಲಲ್ಲಿ ತಾಯಿ, ಮರಿ ಒಟ್ಟಿಗೇ ಕಾಣುತ್ತವೆ. ಬೇಲಿಯಲ್ಲಿ ಕರೆಂಟ್ ಇರುತ್ತದೆ, ಮಕ್ಕಳನ್ನು ಹುಷಾರಾಗಿ ನೋಡಿಕೊಳ್ಳಿ. ಕ್ಯಾರೆಟ್ಟು, ಬ್ರೆಡ್ಡು ಅಂತ ಸುಮ್ನೆ ಏನೂ ತಿನ್ನಿಸಬೇಡಿ.

ದುಡ್ಡು ಜಾಸ್ತಿ ಅನಿಸಿದರೂ ಕುದುರೆ ಗಾಡಿ ಸವಾರಿ ಮಾಡಿ, ಮೊದಲೇ ಫೋನ್ ಮಾಡಿರಬೇಕು. ಏರಿನಲ್ಲಲ್ಲ, ಇಳಿಜಾರಲ್ಲಿ ಗಮನಿಸಿ. ಗಾಡಿಯವರು ಬ್ರೇಕ್ ಒತ್ತುತ್ತಿದ್ದಂತೆ ಕುದುರೆ ಹಿಂಗಾಲು ಮಡಚಿ, ಸೊಂಟದ ಪಟ್ಟಿಗೆ ಮೈ ಒರಗಿಸಿ, ಇಡೀ ಭಾರವನ್ನು ತಡೆದುಕೊಂಡು ಒಂದೊಂದೇ ಹೆಜ್ಜೆ ಇಡುತ್ತದೆ. ಲಾಳ ಕಲ್ಲಿಗೆ ತಾಗಿ ಟಕ್ ಟಕ್ ಅನ್ನುತ್ತದೆ. ದಿಮ್ಮಿ ಎಳೆಯುವ ಕಸುಬು ಏನು ಕೇಳುತ್ತದೆ ಅಂತ ಅಲ್ಲೇ ಅರ್ಥವಾಗುತ್ತದೆ.

ಗಂಡು ಕುದುರೆ ನೋಡಬೇಕಾದರೆ ಇಲ್ಲಲ್ಲ, ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕೆ ಮಾರ್ಬಾಖ್‌ನಲ್ಲಿರುವ ಸರ್ಕಾರಿ ಅಶ್ವಶಾಲೆಗೆ ಹೋಗಿ. ಅದೇ ಹೆಸರಿನ ಇನ್ನೊಂದು ಊರು ನೆಕ್ಕಾರ್ ನದಿ ದಂಡೆಯಲ್ಲಿದೆ. ಅಲ್ಲಿಗೆ ಹೋಗಿಬಿಡದಂತೆ ಮ್ಯಾಪಿನಲ್ಲಿ ಅಶ್ವಶಾಲೆ ಇರುವ ಊರು ಗೋಮಾಡಿಂಗನ್ ಅಂತಲೂ ಸೇರಿಸಿ ಹುಡುಕಿ.