ರಿಸರ್ವ್ ಡ್ರೈವರ್ ಎಂದರೆ ಗ್ಯಾರೇಜಿನಲ್ಲಿ ನಿಂತಿರುವವರೇ?

ಬೆಂಗಳೂರಿನ ಕುಶ್ ಮೈನಿ ಅವರನ್ನು ಆಲ್ಪೈನ್ ತಂಡ 2025ರ ಆರಂಭದಲ್ಲಿ ತನ್ನ ಮೀಸಲು ಚಾಲಕರಲ್ಲಿ ಒಬ್ಬರೆಂದು ಹೆಸರಿಸಿದ ಮೇಲೆ, ನಾನು ಫಾರ್ಮುಲಾ ಒನ್ ನೋಡುವವನೆಂದು ಗೊತ್ತಿರುವ ನೆಂಟರು, ಸಹೋದ್ಯೋಗಿಗಳೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ನಮ್ಮೂರ ಹುಡುಗ ತಂಡದಲ್ಲಿದ್ದಾನೆ ಎನ್ನುತ್ತೀರಿ, ರೇಸಿನಲ್ಲಿ ಮಾತ್ರ ಕಾಣುವುದೇ ಇಲ್ಲ. ಈ ರಿಸರ್ವ್ ಡ್ರೈವರ್ ಎಂದರೆ ಕ್ರಿಕೆಟ್ಟಿನ ಹನ್ನೆರಡನೇ ಆಟಗಾರನ ಹಾಗೆ ನೀರು ತಂದುಕೊಡುವವನೇ?"

ಅಲ್ಲ. ಹನ್ನೆರಡನೆಯವನು ಫೀಲ್ಡಿಂಗ್ ಮಾಡಬಹುದು, ಬ್ಯಾಟು ಹಿಡಿಯುವಂತಿಲ್ಲ. ಮೀಸಲು ಚಾಲಕನಾದರೋ, ತಂಡದ ಇಬ್ಬರು ಚಾಲಕರಲ್ಲಿ ಒಬ್ಬರಿಗೆ ಓಡಿಸಲಾಗದೆ ಅವರ ಕಾರಿನಲ್ಲಿ ಕುಳಿತ ಮೇಲೆ ಪೂರ್ಣ ಪ್ರಮಾಣದ ಚಾಲಕನೇ. ಗಳಿಸಿದ ಅಂಕ ಅವನ ಹೆಸರಿಗೂ ಬರುತ್ತದೆ, ತಂಡದ ಖಾತೆಗೂ ಸೇರುತ್ತದೆ. ಆದರೆ ಹಾಗೆ ಕುಳಿತುಕೊಳ್ಳುವ ಭಾಗ್ಯ ಎಷ್ಟೋ ಮೀಸಲು ಚಾಲಕರಿಗೆ ಕೊನೆಯವರೆಗೂ ಬರುವುದಿಲ್ಲ.

ಬಂದರೆ ಹೇಗೆ ಬರುತ್ತದೆ ಎಂಬುದಕ್ಕೆ ಸೌದಿ ಅರೇಬಿಯಾದ 2024ರ ಜೆಡ್ಡಾ ರೇಸನ್ನು ನೋಡಬೇಕು. ರಂಜಾನ್ ಕಾರಣಕ್ಕೆ ಆ ಸಲ ರೇಸು ಶನಿವಾರವೇ ಇತ್ತು. ಗುರುವಾರ ಎರಡು ಅಭ್ಯಾಸ ಅವಧಿಗಳಲ್ಲಿ ಕಾರು ಓಡಿಸಿದ್ದ ಫೆರಾರಿಯ ಕಾರ್ಲೋಸ್ ಸೈಂಝ್ ಅವರಿಗೆ ಶುಕ್ರವಾರ ಅಪೆಂಡಿಸೈಟಿಸ್ ಎಂದು ಗೊತ್ತಾಯಿತು, ಶಸ್ತ್ರಚಿಕಿತ್ಸೆಗೆ ಹೊರಟರು. ಅದೇ ಊರಿನಲ್ಲಿ ಫಾರ್ಮುಲಾ 2 (ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಸರಣಿ) ಓಡಿಸಲು ಬಂದಿದ್ದ, ಫೆರಾರಿಯ ಮೀಸಲು ಪಟ್ಟಿಯಲ್ಲಿದ್ದ 18 ವರ್ಷದ ಆಲಿವರ್ ಬೇರ್ಮನ್ ಅವರಿಗೆ ಕರೆ ಹೋಯಿತು. ಅವರು ಹಿಂದಿನ ದಿನವಷ್ಟೇ ಫಾರ್ಮುಲಾ 2ರಲ್ಲಿ ಮೊದಲ ಸ್ಥಾನದಿಂದ ಹೊರಡುವ ಹಕ್ಕು ಗಳಿಸಿದ್ದರು. ಅದನ್ನು ಅಲ್ಲಿಯೇ ಬಿಟ್ಟು ಬಂದರು. ಫೆರಾರಿ ಕಾರಿನಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಒಂದು ಅಭ್ಯಾಸ ಅವಧಿ. ಅದೂ ಎಂಥ ಟ್ರ್ಯಾಕಿನಲ್ಲಿ? ಆರು ಕಿಲೋಮೀಟರಿಗಿಂತ ಉದ್ದ, 27 ತಿರುವು, ಎರಡೂ ಬದಿಗೆ ಗೋಡೆ. ರೇಸಿನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಅರ್ಹತಾ ಸುತ್ತಿನಲ್ಲಿ ಹನ್ನೊಂದನೆಯವರಾದರು. ಮರುದಿನ 50 ಲ್ಯಾಪುಗಳ ರೇಸಿನಲ್ಲಿ ಲ್ಯಾಂಡೊ ನಾರಿಸ್, ಲೂಯಿಸ್ ಹ್ಯಾಮಿಲ್ಟನ್ ಇಬ್ಬರನ್ನೂ ಹಿಂದಿಟ್ಟು ಏಳನೆಯವರಾಗಿ ಮುಗಿಸಿದರು.

ಈ ಕಥೆಗೆ ನಮ್ಮ ಕಡೆಯ ಒಂದು ಬಾಲವೂ ಇದೆ, ಹೆಚ್ಚಿನವರು ಗಮನಿಸಲಿಲ್ಲ. ಬೇರ್ಮನ್ ಬಿಟ್ಟುಹೋದ ಫಾರ್ಮುಲಾ 2ರ ಮೊದಲ ಸ್ಥಾನ, ಎರಡನೆಯವರಾಗಿದ್ದ ಕುಶ್ ಮೈನಿ ಅವರಿಗೆ ಬಂತು. ಆ ರೇಸಿನಲ್ಲಿ ಅವರು ಎರಡನೆಯವರಾದರು.

ಬೇರ್ಮನ್ ಅವರಿಗೆ ಅಷ್ಟು ಅವಸರವೇಕೆ ಎಂದರೆ, ಚಾಲಕರನ್ನು ಬದಲಿಸುವುದಿದ್ದರೆ ಅರ್ಹತಾ ಸುತ್ತು ಶುರುವಾಗುವ ಮೊದಲೇ ಬದಲಿಸಬೇಕು. ಆಮೇಲೆ ಯಾರಿಗೆ ಏನಾದರೂ ಆ ಕಾರು ಗ್ಯಾರೇಜಿನಲ್ಲೇ ಉಳಿಯುತ್ತದೆ. 2025ರ ಸ್ಪೇನ್ ರೇಸಿನಲ್ಲಿ ಹಾಗೆಯೇ ಆಯಿತು. ಆಸ್ಟನ್ ಮಾರ್ಟಿನ್‌ನ ಲ್ಯಾನ್ಸ್ ಸ್ಟ್ರೋಲ್ ಅರ್ಹತಾ ಸುತ್ತು ಮುಗಿಸಿದ ಮೇಲೆ ಕೈನೋವಿನಿಂದ ಹಿಂದೆ ಸರಿದರು, ತಂಡ ಒಂದೇ ಕಾರಿನಲ್ಲಿ ರೇಸು ನಡೆಸಿತು. ಆ ತಂಡದ ಮೀಸಲು ಚಾಲಕ ಫೆಲಿಪೆ ಡ್ರುಗೊವಿಚ್ ಅವರನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 2022ರ ಫಾರ್ಮುಲಾ 2 ಚಾಂಪಿಯನ್ ಅವರು. 2023ರಲ್ಲಿ ಇದೇ ಸ್ಟ್ರೋಲ್ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಾಗ, ಋತುವಿಗೆ ಮುಂಚಿನ ಪರೀಕ್ಷಾ ಓಟದಲ್ಲಿ ಡ್ರುಗೊವಿಚ್ ಅವರೇ ಕಾರು ಓಡಿಸಿದರು. ಇನ್ನೇನು ಮೊದಲ ರೇಸು ಅವರದೇ ಎನ್ನುವಾಗ ಸ್ಟ್ರೋಲ್ ನೋವು ನುಂಗಿಕೊಂಡು ಬಂದು ಕುಳಿತರು, ಬಹರೇನ್‌ನಲ್ಲಿ ಆರನೆಯವರೂ ಆದರು. ಡ್ರುಗೊವಿಚ್ ಆ ತಂಡಕ್ಕಾಗಿ ಒಂದು ರೇಸನ್ನೂ ಓಡಿಸದೆ ಕೊನೆಗೆ ವಿದ್ಯುತ್ ಕಾರುಗಳ ಫಾರ್ಮುಲಾ ಇ ಕಡೆಗೆ ಹೊರಟುಹೋದರು.

ಹಾಗಾದರೆ ಉಳಿದ ದಿನಗಳಲ್ಲಿ ಇವರಿಗೇನು ಕೆಲಸ? ಪ್ರಾಯೋಜಕರ ಅತಿಥಿಗಳಿಗೆ ಗ್ಯಾರೇಜು ತೋರಿಸುವುದು, ಹೆಡ್‌ಫೋನ್ ಹಾಕಿಕೊಂಡು ಎಂಜಿನಿಯರುಗಳ ಸಭೆಯಲ್ಲಿ ಕುಳಿತು ಕೇಳಿಸಿಕೊಳ್ಳುವುದು, ಕನಿಷ್ಠ ಎರಡು ವರ್ಷ ಹಳೆಯ ಕಾರುಗಳಲ್ಲಿ ಆಗಾಗ ಅಭ್ಯಾಸ ಮಾಡುವುದು, ಇವೆಲ್ಲ ಇದ್ದದ್ದೇ. ನಿಜವಾದ ದುಡಿಮೆ ಇರುವುದು ಕಾರ್ಖಾನೆಯ ಸಿಮ್ಯುಲೇಟರಿನಲ್ಲಿ, ಅಂದರೆ ಕಾರು ಓಡಿಸಿದಂತೆಯೇ ಅನುಭವ ಕೊಡುವ ಯಂತ್ರದಲ್ಲಿ, ಟಿವಿಯವರ ಕ್ಯಾಮೆರಾ ಅಲ್ಲಿಗೆ ಹೋಗುವುದಿಲ್ಲ.

ಒಂದು ಕಾಲದಲ್ಲಿ ತಂಡಗಳು ರೇಸುಗಳ ನಡುವೆ ಬೇಕಾದಷ್ಟು ಪರೀಕ್ಷಾ ಓಟ ನಡೆಸುತ್ತಿದ್ದವು. ಪರೀಕ್ಷಾ ಚಾಲಕ ವರ್ಷಕ್ಕೆ ಸಾವಿರಾರು ಕಿಲೋಮೀಟರು ನಿಜವಾದ ಕಾರನ್ನೇ ಓಡಿಸುತ್ತಿದ್ದ. 2009ರಲ್ಲಿ ಖರ್ಚು ಕಡಿಮೆ ಮಾಡಲೆಂದು ಋತುವಿನ ಮಧ್ಯದ ಪರೀಕ್ಷೆಗಳನ್ನು ನಿಲ್ಲಿಸಿದಾಗ ಆ ಕೆಲಸವೆಲ್ಲ ಸಿಮ್ಯುಲೇಟರಿನ ಪಾಲಾಯಿತು. ಈಗ ನಡೆಯುವುದು ಹೀಗೆ: ಶುಕ್ರವಾರದ ಅಭ್ಯಾಸ ಮುಗಿಯುತ್ತಲೇ ಟ್ರ್ಯಾಕಿನಿಂದ ಮಾಹಿತಿ ಕಾರ್ಖಾನೆಗೆ ಹರಿಯುತ್ತದೆ. ಮುಂದಿನ ರೆಕ್ಕೆಯ ಕೋನ, ಸಸ್ಪೆನ್ಷನ್ನಿನ ಬಿಗಿ, ಕಾರು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಒಂದೊಂದಾಗಿ ಬದಲಿಸುತ್ತ ಹೋಗುತ್ತಾರೆ, ಪ್ರತಿ ಬದಲಾವಣೆಗೂ ಸಿಮ್ಯುಲೇಟರಿನಲ್ಲಿರುವವನು ಅದೇ ನಾಲ್ಕಾರು ಲ್ಯಾಪುಗಳನ್ನು ಓಡಿಸಿ "ಈ ತಿರುವಿನಲ್ಲಿ ಹಿಂಬದಿ ಜಾರುತ್ತಿದೆ, ಇದು ಬೇಡ" ಎಂದೋ "ಇದು ಪರವಾಗಿಲ್ಲ" ಎಂದೋ ಹೇಳಬೇಕು. ರೇಸಿನ ಚಾಲಕರು ಹೋಟೆಲಿನಲ್ಲಿ ಮಲಗಿರುವಾಗ ಇದು ತಡರಾತ್ರಿಯವರೆಗೂ ನಡೆಯುತ್ತದೆ. ಬೆಳಗ್ಗೆ ಅವರು ಎದ್ದುಬರುವ ಹೊತ್ತಿಗೆ ಕಾರಿನ ಹೊಂದಾಣಿಕೆ ಬದಲಾಗಿರುತ್ತದೆ.

ರೆಡ್ ಬುಲ್‌ನ ಸೆಬಾಸ್ಟಿಯನ್ ಬುವೆಮಿ ಇದರಲ್ಲಿ ನುರಿತವರು. ಅವರ ಕೊನೆಯ ಫಾರ್ಮುಲಾ ಒನ್ ರೇಸು 2011ರಲ್ಲಿ. ಆಮೇಲೆ ಮೀಸಲು ಚಾಲಕರಾಗಿ ಅದೇ ಬಳಗದಲ್ಲಿ ಉಳಿದುಕೊಂಡರು. ಇಟಲಿಯ ಇಮೋಲಾದಲ್ಲಿ 2024ರ ರೇಸಿಗೆ ಮುಂಚಿನ ಶುಕ್ರವಾರ ಮ್ಯಾಕ್ಸ್ ವೆರ್‌ಸ್ಟ್ಯಾಪನ್ ಅವರ ಕಾರು ಹಿಡಿತಕ್ಕೇ ಸಿಗದೆ ಒದ್ದಾಡುತ್ತಿತ್ತು. ರಾತ್ರಿ ಸಿಮ್ಯುಲೇಟರಿನಲ್ಲಿ ಕೆಲಸ ನಡೆಯಿತು. ಶನಿವಾರ ವೆರ್‌ಸ್ಟ್ಯಾಪನ್ ಅರ್ಹತಾ ಸುತ್ತಿನಲ್ಲಿ ಮೊದಲ ಸ್ಥಾನ ಗಳಿಸಿದರು, ಭಾನುವಾರ ಗೆದ್ದರು, ತಂಡ ಬುವೆಮಿಯವರನ್ನು ಹೆಸರಿಟ್ಟು ನೆನೆಯಿತು. ಅಂಥ ಕೃತಜ್ಞತೆ ಕಿವಿಗೆ ಬೀಳುವುದು ಅಪರೂಪ. ಅಂದಹಾಗೆ ಬುವೆಮಿ ಟೊಯೋಟಾ ಕಾರಿನಲ್ಲಿ ಲ ಮಾನ್ 24 ತಾಸಿನ ರೇಸನ್ನು ನಾಲ್ಕು ಸಲ ಗೆದ್ದವರು, ಫಾರ್ಮುಲಾ ಇ ಚಾಂಪಿಯನ್ ಆದವರು. ಸುಮ್ಮನೆ ಕುಳಿತವರೆಂದು ಅವರನ್ನು ಯಾರೂ ಹೇಳಲಾರರು.

ಇಲ್ಲಿಯೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮೀಸಲು ಹುದ್ದೆಯೊಂದೇ ಯಾರನ್ನೂ ರೇಸಿಗೆ ಸಿದ್ಧಗೊಳಿಸುವುದಿಲ್ಲ. ಬೇರೆ ಕಡೆ ರೇಸು ಓಡಿಸುತ್ತಲೇ ಇರುವವನು ಮಾತ್ರ ಕರೆ ಬಂದಾಗ ಕೆಲಸಕ್ಕೆ ಬರುತ್ತಾನೆ. ಲುಕಾ ಬಡೊಯೆರ್ ಅವರ ಉದಾಹರಣೆ ನೋಡಿ. ಫೆರಾರಿಯ ಪರೀಕ್ಷಾ ಚಾಲಕರಾಗಿ ಹತ್ತು ವರ್ಷ ಆ ಕಾರುಗಳನ್ನು ಅರೆದು ಕುಡಿದವರು. 2009ರಲ್ಲಿ ಹಂಗೇರಿಯಲ್ಲಿ ಮುಂದಿನ ಕಾರಿನಿಂದ ಕಳಚಿ ಬಂದ ಸ್ಪ್ರಿಂಗ್ ಬಡಿದು ಫೆಲಿಪೆ ಮಾಸ್ಸಾ ಆಸ್ಪತ್ರೆ ಸೇರಿದಾಗ ಆ ಆಸನ ಬಡೊಯೆರ್ ಅವರಿಗೆ ಬಂತು. ಅವರು ಫಾರ್ಮುಲಾ ಒನ್ ರೇಸು ಓಡಿಸಿದ್ದು ಅದಕ್ಕೆ ಹಿಂದೆ 1999ರಲ್ಲಿ. ವೆಲೆನ್ಸಿಯಾದಲ್ಲಿ ಅರ್ಹತಾ ಸುತ್ತಿನ ಕೊನೆಯವರು, ಬೆಲ್ಜಿಯಂನ ಸ್ಪಾದಲ್ಲೂ ಕೊನೆಯವರು. ಅದೇ ಮಾದರಿಯ ಕಾರಿನಲ್ಲಿ ಅದೇ ತಂಡದ ಕಿಮಿ ರೈಕೊನೆನ್ ಮೊದಲ ಕಡೆ ಮೂರನೆಯವರಾಗಿ, ಎರಡನೆಯ ಕಡೆ ಗೆದ್ದು ಬಂದರು. ಎರಡೇ ರೇಸಿಗೆ ಬಡೊಯೆರ್ ಅವರನ್ನು ಇಳಿಸಿ, ಸ್ಪಾದಲ್ಲಿ ಫೋರ್ಸ್ ಇಂಡಿಯಾ ಕಾರನ್ನು ಎರಡನೇ ಸ್ಥಾನಕ್ಕೆ ತಂದಿದ್ದ ಜಿಯಾಂಕಾರ್ಲೊ ಫಿಸಿಕೆಲ್ಲಾ ಅವರನ್ನು ಕರೆತಂದರು. ಅವರಿಗೂ ಆ ಕಾರಿನಲ್ಲಿ ಒಂದಂಕ ದಕ್ಕಲಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಬಡೊಯೆರ್ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ತಂಡಗಳಿಗೂ ಇದು ಗೊತ್ತು. ಹಾಗಾಗಿ ಅಗತ್ಯ ಬಿದ್ದ ದಿನ ತಮ್ಮ ಅಧಿಕೃತ ಮೀಸಲು ಚಾಲಕನನ್ನೇ ಪಕ್ಕಕ್ಕೆ ಸರಿಸುತ್ತವೆ. 2020ರ ಡಿಸೆಂಬರಿನಲ್ಲಿ ಹ್ಯಾಮಿಲ್ಟನ್ ಅವರಿಗೆ ಕೋವಿಡ್ ಬಂದಾಗ ಮರ್ಸಿಡಿಸ್‌ನ ಮೀಸಲು ಚಾಲಕ ಸ್ಟೊಫೆಲ್ ವಾನ್‌ಡೋರ್ನ್ ಬಹರೇನ್‌ಗೆ ಬಂದಿಳಿದಿದ್ದರು. ಮರ್ಸಿಡಿಸ್ ಕರೆದದ್ದು ಮಾತ್ರ ವಿಲಿಯಮ್ಸ್ ತಂಡದಲ್ಲಿ ಓಡಿಸುತ್ತಿದ್ದ ಜಾರ್ಜ್ ರಸೆಲ್ ಅವರನ್ನು. ರಸೆಲ್ ಎತ್ತರದ ಆಳು. ಹ್ಯಾಮಿಲ್ಟನ್ ಅವರಿಗೆಂದು ಅಳತೆ ಮಾಡಿದ ಕಾಕ್‌ಪಿಟ್ಟಿನಲ್ಲಿ ಪಾದ ಹಿಡಿಸದೆ ಒಂದು ಅಳತೆ ಚಿಕ್ಕ ಶೂ ತೊಟ್ಟು ಓಡಿಸಿದರು. ರೇಸಿನಲ್ಲಿ ಮುನ್ನಡೆಯಲ್ಲೂ ಇದ್ದರು, ಟೈರು ಬದಲಿಸಲು ಪಿಟ್ಟಿನಲ್ಲಿ ನಿಂತಾಗ ಅವು ಅದಲುಬದಲಾಗಿ, ಆಮೇಲೆ ಪಂಕ್ಚರ್ ಆಗಿ ಒಂಬತ್ತನೆಯವರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಸ್ಟ್ರೋಲ್ ಅಸ್ವಸ್ಥರಾದಾಗ, ಕೊಲೋನ್ ನಗರದಲ್ಲಿ ಕಾಫಿ ಕುಡಿಯುತ್ತಿದ್ದ ನಿಕೊ ಹುಲ್ಕೆನ್‌ಬರ್ಗ್ ಅವರಿಗೆ ಫೋನು ಹೋಯಿತು. ನೇರ ಅರ್ಹತಾ ಸುತ್ತಿಗೇ ಬಂದು ಕೊನೆಯವರಾದರು, ಮರುದಿನ ಎಂಟನೆಯವರಾಗಿ ಮುಗಿಸಿದರು.

ಮೈಕಟ್ಟಿನ ತೊಡಕು ಹೊಸದೇನಲ್ಲ. 2005ರಲ್ಲಿ ಮೆಕ್‌ಲಾರೆನ್‌ನ ಮೊಂಟೊಯಾ ಭುಜಕ್ಕೆ ಪೆಟ್ಟು ಮಾಡಿಕೊಂಡಾಗ ತಂಡದ ಪರೀಕ್ಷಾ ಚಾಲಕ, ಎತ್ತರದ ಅಲೆಕ್ಸಾಂಡರ್ ವುರ್ಟ್ಸ್ ಕಾರಿನಲ್ಲಿ ಹಿಡಿಸಲಿಲ್ಲ. ಬಹರೇನ್‌ನಲ್ಲಿ ಪೆಡ್ರೊ ಡೆ ಲಾ ರೋಸಾ ಓಡಿಸಿ ಐದನೆಯವರಾದರು. ಮುಂದಿನ ರೇಸಿನ ಹೊತ್ತಿಗೆ ಜಾಗ ಸರಿಪಡಿಸಿಕೊಟ್ಟ ಮೇಲೆ ವುರ್ಟ್ಸ್ ಇಮೋಲಾದಲ್ಲಿ ಮೂರನೇ ಸ್ಥಾನ ಪಡೆದರು.

ಭಾರತದವರ ಪೈಕಿ ಈ ಹುದ್ದೆಯ ಸಿಹಿ ಕಹಿ ಎರಡನ್ನೂ ಉಂಡವರು ಕರುಣ್ ಚಾಂದೋಕ್. 2011ರಲ್ಲಿ ಲೋಟಸ್ ತಂಡದ ಮೀಸಲು ಚಾಲಕರಾಗಿದ್ದಾಗ ಜರ್ಮನಿಯಲ್ಲಿ ಯಾರ್ನೊ ಟ್ರುಲ್ಲಿ ಬದಲಿಗೆ ಒಂದು ರೇಸು ಸಿಕ್ಕಿತು, ಇಪ್ಪತ್ತನೆಯವರಾದರು. ಅದೇ ಅಕ್ಟೋಬರಿನಲ್ಲಿ ನೊಯ್ಡಾ ಬಳಿಯ ಬುದ್ಧ ಸರ್ಕೀಟಿನಲ್ಲಿ ಭಾರತದ ಮೊದಲ ಗ್ರಾಂ ಪ್ರಿ ನಡೆದಾಗ ಶುಕ್ರವಾರದ ಅಭ್ಯಾಸಕ್ಕಷ್ಟೇ ಅವರಿಗೆ ಕಾರು ಕೊಟ್ಟರು.

ಈಗ ಕೆಲವು ತಂಡಗಳಿಗೆ ಮೂರು ನಾಲ್ಕು ಮೀಸಲು ಚಾಲಕರು. ಕೆಲವರಿಗೆ ಆ ಹೆಸರು ಪ್ರಾಯೋಜಕರ ದುಡ್ಡಿನ ಮೇಲೆ ಬಂದಿರುತ್ತದೆ, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ. ಆಲ್ಪೈನ್‌ನಲ್ಲಿ 2025ರ ಆರಂಭಕ್ಕೆ ಕುಶ್ ಅವರ ಜೊತೆ ಫ್ರಾಂಕೊ ಕೊಲಪಿಂಟೊ, ಪಾಲ್ ಆರನ್, ರ್‍ಯೊ ಹಿರಕಾವಾ ಇದ್ದರು. ಮೇ ತಿಂಗಳಲ್ಲಿ ತಂಡ ಜ್ಯಾಕ್ ಡೂಹನ್ ಅವರನ್ನು ಕೆಳಗಿಳಿಸಿದಾಗ ಆಸನ ಕೊಲಪಿಂಟೊ ಅವರಿಗೆ ಹೋಯಿತು. ಹಿಂದಿನ ವರ್ಷ ವಿಲಿಯಮ್ಸ್‌ನಲ್ಲಿ ರೇಸುಗಳನ್ನು ಓಡಿಸಿ ಅಂಕ ಗಳಿಸಿದ್ದವರು ಅವರೇ. ಅದೇ ತಿಂಗಳು ಕುಶ್ ಮೊನಾಕೊದಲ್ಲಿ ಫಾರ್ಮುಲಾ 2ರ ಸ್ಪ್ರಿಂಟ್ ರೇಸು, ಅಂದರೆ ಕಡಿಮೆ ದೂರದ ರೇಸು ಗೆದ್ದರು. ಅಲ್ಲಿ ಗೆದ್ದ ಮೊದಲ ಭಾರತೀಯ.

ಕುಶ್ ಬಗ್ಗೆ ಕೇಳುವವರಿಗೆ ನಾನು ಆ ಗೆಲುವಿನ ಬಗ್ಗೆಯೇ ಹೇಳುವುದು. ಫಾರ್ಮುಲಾ ಒನ್ ರೇಸು ಓಡಿಸಲು ಸೂಪರ್ ಲೈಸೆನ್ಸ್ ಬೇಕು, ಅದಕ್ಕೆ ಮೂರು ಋತುಗಳಲ್ಲಿ 40 ಅಂಕ ಆಗಬೇಕು. ಫಾರ್ಮುಲಾ 2ರ ವರ್ಷದ ಪಟ್ಟಿಯಲ್ಲಿ ಮೊದಲ ಮೂವರೊಳಗೆ ಬಂದರೆ ಆ 40 ಒಟ್ಟಿಗೇ ಸಿಗುತ್ತದೆ, ಶುಕ್ರವಾರದ ಅಭ್ಯಾಸದಲ್ಲಿ 100 ಕಿಲೋಮೀಟರು ಓಡಿಸಿದರೆ ಒಂದು. ಮೀಸಲು ಚಾಲಕ ಎಂಬ ಹೆಸರಿಗೆ ಆ ಲೆಕ್ಕದಲ್ಲಿ ಏನೂ ಇಲ್ಲ.