ತಾರಸಿಯಲ್ಲಿ ಬ್ಯಾಡಗಿ, ಸೂಜಿ ಮೆಣಸು, ಟೊಮೆಟೊ, ದೊಣ್ಣೆಮೆಣಸು: ಬೀಜದಿಂದ ಕಾಯಿವರೆಗೆ

ಆಗಸ್ಟ್ ಕೊನೆ

ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಶಿವಮೊಗ್ಗದಲ್ಲಿ ಜುಲೈ ಮಳೆಗೆ ಬೀಜ ಹಾಕಿದರೆ ಸಸಿಗಿಂತ ಪಾಚಿಯೇ ಜಾಸ್ತಿ ಬೆಳೆಯುತ್ತದೆ. ಹಾಗಾಗಿ ನಾನು ಗಣೇಶನ ಹಬ್ಬದ ಆಸುಪಾಸಿನಲ್ಲೇ ಶುರು ಮಾಡುವುದು. ಈ ಸಲ ನಾಲ್ಕು ಬಗೆ: ಬ್ಯಾಡಗಿ ಮೆಣಸು, ಸೂಜಿ ಮೆಣಸು, ಅರ್ಕಾ ವಿಕಾಸ್ ಟೊಮೆಟೊ, ಅರ್ಕಾ ಗೌರವ್ ದೊಣ್ಣೆಮೆಣಸು. ಎಲ್ಲ ಬದನೆಯ ಬಳಗದವೇ. ಆದರೆ ಒಂದೇ ದಿನ ಬಿತ್ತಿದರೂ ಒಂದೊಂದೂ ಒಂದೊಂದು ದಾರಿ ಹಿಡಿಯುತ್ತದೆ. ಅದನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಬ್ಯಾಡಗಿ ಬೀಜಕ್ಕೆ ಎಲ್ಲೂ ಹೋಗಬೇಕಿರಲಿಲ್ಲ, ಅಡುಗೆಮನೆ ಡಬ್ಬದಲ್ಲೇ ಇತ್ತು. ಹಾವೇರಿ ನಮಗೆ ಪಕ್ಕದ ಜಿಲ್ಲೆ. ವರ್ಷಕ್ಕಾಗುವಷ್ಟು ಒಣಮೆಣಸು ಗೊತ್ತಿರುವ ರೈತರೊಬ್ಬರಿಂದ ಅಲ್ಲಿಂದಲೇ ಬರುತ್ತದೆ. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ತರ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳ್ಳಗೆ. ನಾನು ಹಾಕಿದ್ದು ಕಡ್ಡಿ. ಬಣ್ಣ ಗಾಢ, ಖಾರ ಕಡಿಮೆ. ಅದಕ್ಕೇ ಸಾರಿನ ಪುಡಿಗೂ ಇದೇ ಬೇಕು, ಲಿಪ್‌ಸ್ಟಿಕ್, ಉಗುರು ಬಣ್ಣ ಮಾಡುವವರಿಗೂ ಇದರಿಂದ ತೆಗೆದ ಬಣ್ಣ ಬೇಕು. 2011ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿತು. ಒಣಮೆಣಸಿನಿಂದ ಬೀಜ ತೆಗೆಯುವವರು ತೊಟ್ಟು ಗಟ್ಟಿಯಿರುವ, ಬೂಷ್ಟು ಬಾರದ, ಅಲ್ಲಾಡಿಸಿದರೆ ಗಲಗಲ ಅನ್ನುವ ಕಾಯಿ ಆರಿಸಿ. ಬೀಜ ತಿಳಿ ಹಳದಿ ಇರಬೇಕು, ಕಂದು ತಿರುಗಿದ್ದರೆ ಬೇಡ. ಈಗ ಬ್ಯಾಡಗಿ ಅಂತ ಮಾರುವುದರಲ್ಲಿ ಹೈಬ್ರಿಡ್ ಕೂಡ ಇರುತ್ತದೆ, ಅದನ್ನೊಂದು ಕೇಳಿಕೊಳ್ಳಿ.

ಟೊಮೆಟೊ, ದೊಣ್ಣೆಮೆಣಸು ಎರಡೂ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು. ಅಲ್ಲಿಯದೇ ಅರ್ಕಾ ರಕ್ಷಕ್ ಟೊಮೆಟೊ ಹೆಚ್ಚು ಹೆಸರುವಾಸಿ. ಎಲೆ ಮುದುಡು ರೋಗ, ಸೊರಗು ರೋಗ, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಆದರೆ ಅದು ಹೈಬ್ರಿಡ್, ಅದರ ಹಣ್ಣಿನ ಬೀಜ ಹಾಕಿದರೆ ಅದೇ ಗಿಡ ಬರುವುದಿಲ್ಲ. ನನಗೆ ಬೀಜ ಎತ್ತಿಡುವುದು ಮುಖ್ಯ. ಅದಕ್ಕೆ ವಿಕಾಸ್. ಅಂಗಡಿಯಿಂದ ತಂದ ಟೊಮೆಟೊ ಹಿಂಡಿ ಸಸಿ ಮಾಡುವವರಿಗೂ ಇದೇ ಮಾತು. ಗಿಡ ಬರುತ್ತದೆ, ಹಣ್ಣೂ ಬರಬಹುದು, ಆದರೆ ಆರು ತಿಂಗಳು ನೀರು ಹಾಕುವ ಕೆಲಸಕ್ಕೆ ಬೀಜದ ಮೂಲ ಗೊತ್ತಿದ್ದರೆ ಒಳ್ಳೆಯದಲ್ವಾ.

ಸೂಜಿ ಮೆಣಸು ತೀರ್ಥಹಳ್ಳಿ ಕಡೆಯ ಅಜ್ಜಿಮನೆ ಹಿತ್ತಲಿನದು. ಅಲ್ಲಿ ಅದನ್ನು ಯಾರೂ ಬಿತ್ತುವುದಿಲ್ಲ. ಪಿಕಳಾರ ಹಕ್ಕಿ ಹಣ್ಣು ನುಂಗಿ ಬೇಲಿ ಮೇಲೆ ಕೂತು ಬಿತ್ತುತ್ತದೆ. ಮೆಣಸಿನ ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ, ನಮ್ಮಂಥ ಪ್ರಾಣಿಗಳಿಗೆ ಮಾತ್ರ. ಅಮ್ಮನಿಗೆ ಅಪ್ಪೆಹುಳಿಗೆ ಇದಿಲ್ಲದಿದ್ದರೆ ಆಗುವುದಿಲ್ಲ, ಹಾಗಾಗಿ ಪಟ್ಟಿಯಲ್ಲಿ ಮೊದಲ ಹೆಸರು ಇದರದ್ದೇ.

ಬಿತ್ತಿದ್ದು ನರ್ಸರಿಯವರು ಬಳಸುವ, ಸಾಲುಸಾಲು ಗುಳಿಗಳಿರುವ ಪ್ರೋ ಟ್ರೇನಲ್ಲಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು, ಒಂದು ಚಿಟಿಕೆ ಟ್ರೈಕೋಡರ್ಮ, ಅಂದರೆ ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ. ಕೊಕೊಪೀಟನ್ನು ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಲೇಬೇಕು, ಇಲ್ಲದಿದ್ದರೆ ಅದರೊಳಗಿನ ಉಪ್ಪು ಎಳೆ ಬೇರಿಗೆ ಆಗಿಬರುವುದಿಲ್ಲ. ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ ಹೋದರೆ ಸಾಕು. ಮೇಲೆ ಗೋಣಿಚೀಲ ಮುಚ್ಚಿ ಅಡುಗೆಮನೆ ಪಕ್ಕದ ಬೆಚ್ಚಗಿನ ಮೂಲೆಯಲ್ಲಿಟ್ಟೆ. ಮೊಳಕೆಗೆ ಬೇಕಿರುವುದು ಬೆಳಕಲ್ಲ, ಶಾಖ. 25ರಿಂದ 30 ಡಿಗ್ರಿ ಇದ್ದರೆ ನಾಲ್ಕಕ್ಕೂ ಖುಷಿ.

ಸೆಪ್ಟೆಂಬರ್

ಟೊಮೆಟೊ ವಾರದೊಳಗೇ ಎದ್ದಿತು. ಅದು ಹಾಗೆಯೇ, ಐದರಿಂದ ಎಂಟು ದಿನ. ಬ್ಯಾಡಗಿ ಎರಡನೇ ವಾರದಲ್ಲಿ ಒಂದೊಂದಾಗಿ, ಅದರ ಬೆನ್ನಿಗೇ ದೊಣ್ಣೆಮೆಣಸು. ಸೂಜಿ ಮೆಣಸಿನ ಸಾಲು ಪೂರ್ತಿ ಖಾಲಿ. ಇಲ್ಲೇ ತುಂಬ ಜನ ಬೀಜ ಸತ್ತಿದೆ ಅಂದುಕೊಂಡು ಟ್ರೇ ಕವುಚಿಬಿಡುತ್ತಾರೆ. ಬೇಡ. ಈ ಜಾತಿ ಮೂರು ನಾಲ್ಕು ವಾರ ತೆಗೆದುಕೊಳ್ಳುವುದು ಮಾಮೂಲು, ಒದ್ದೆ ಆರದಂತೆ ನೋಡಿಕೊಂಡರೆ ಆಯಿತು. ತಿಂಗಳ ಕೊನೆಗೆ ನನ್ನದೂ ಬಂತು.

ಒಂದು ವಿಷಯ ಹತ್ತಿರದಿಂದ ನೋಡಿ. ಮೆಣಸಿನ ಮೊಳಕೆ ಮೊದಲು ಬಾಗಿದ ಕುತ್ತಿಗೆಯಾಗಿ ಮೇಲೆ ಬರುತ್ತದೆ. ಆಮೇಲೆ ಕುತ್ತಿಗೆ ನೆಟ್ಟಗಾಗಿ ಎರಡು ಬೀಜದೆಲೆ ಬಿಚ್ಚಿಕೊಳ್ಳುತ್ತವೆ. ಕೆಲವದರಲ್ಲಿ ಬೀಜದ ಸಿಪ್ಪೆ ಎಲೆತುದಿಗೆ ಕಚ್ಚಿಕೊಂಡೇ ಇರುತ್ತದೆ, ಎಲೆ ಬಿಚ್ಚಲಾರದೆ ಒಳಗೇ ಒದ್ದಾಡುತ್ತದೆ. ಕೈಯಿಂದ ಎಳೆದರೆ ಎಲೆಯೇ ಕಿತ್ತು ಬರುತ್ತದೆ. ಸಂಜೆ ಆ ಸಿಪ್ಪೆ ಮೇಲೆ ಒಂದು ಹನಿ ನೀರು ಬಿಡಿ. ಬೆಳಗ್ಗೆ ನೋಡಿದರೆ ಸಿಪ್ಪೆ ಮೆತ್ತಗಾಗಿ ತಾನೇ ಜಾರಿರುತ್ತದೆ, ಇಲ್ಲದಿದ್ದರೆ ಇನ್ನೊಂದು ಹನಿ.

ಮೊಳಕೆ ಕಂಡ ತಕ್ಷಣ ಟ್ರೇ ಬೆಳಕಿಗೆ. ಒಂದು ದಿನ ತಡವಾದರೂ ಟೊಮೆಟೊ ಸಸಿ ಕಡ್ಡಿಯಾಗಿ ಉದ್ದ ಎಳೆದುಕೊಳ್ಳುತ್ತದೆ. ಬೆಳಗಿನ ಬಿಸಿಲು ಬೀಳುವ ಕಡೆ, ಮೇಲೆ ಹಸಿರು ನೆಟ್, ಮಳೆ ಬಂದರೆ ಪ್ಲಾಸ್ಟಿಕ್ ಶೀಟು. ನೀರು ಬೆಳಗ್ಗೆ ಮಾತ್ರ, ಅದೂ ಮೇಲ್ಪದರ ಒಣಗಿದ್ದರೆ. ರಾತ್ರಿಯೆಲ್ಲ ಒದ್ದೆ ಇದ್ದರೆ ಸಸಿ ಬುಡದಲ್ಲಿ ನೀರು ನೀರಾಗಿ ಕರಗಿ ಮಲಗಿಬಿಡುತ್ತದೆ, ನರ್ಸರಿಯವರು ಬುಡ ಕೊಳೆ ಅನ್ನುತ್ತಾರೆ. ಮಲೆನಾಡಿನ ಅಂಚಿನಲ್ಲಿರುವ ನಮಗೆ ಇದೇ ದೊಡ್ಡ ಶತ್ರು. ಒಂದು ಮಲಗಿದರೆ ಅಕ್ಕಪಕ್ಕದ್ದೂ ಹೋಗುತ್ತದೆ, ಆ ಗುಳಿಯ ಮಣ್ಣನ್ನೂ ಸೇರಿಸಿ ತೆಗೆದು ಹಾಕಬೇಕು.

ಅಕ್ಟೋಬರ್

ದಸರಾ ಹೊತ್ತಿಗೆ ಟೊಮೆಟೊ ನಾಟಿ ಆಯಿತು. 25ರಿಂದ 30 ದಿನದ ಸಸಿ ಸರಿಯಾದ ವಯಸ್ಸು. ಮೆಣಸುಗಳಿಗೆ ಇನ್ನೂ ಸಮಯ ಬೇಕು, 40 ದಿನದ ಹತ್ತಿರ. ಒಟ್ಟಿಗೇ ಬಿತ್ತಿದೆವು ಅಂತ ಒಟ್ಟಿಗೇ ನಾಟಿ ಮಾಡಿದರೆ ಮೆಣಸು ದೊಡ್ಡ ಕುಂಡದಲ್ಲಿ ತಿಂಗಳುಗಟ್ಟಲೆ ಸುಮ್ನೆ ನಿಂತುಬಿಡುತ್ತದೆ.

ಟೊಮೆಟೊ ಕಾಂಡದ ಮೇಲೆಲ್ಲ ಬೇರು ಬಿಡುವ ಗಿಡ. ಹಾಗಾಗಿ ಕೆಳಗಿನ ಎಲೆ ತೆಗೆದು ಕುತ್ತಿಗೆವರೆಗೂ ಮಣ್ಣಿನಲ್ಲಿ ಹೂತೆ. ಉದ್ದ ಎಳೆದುಕೊಂಡ ಸಸಿಯನ್ನೂ ಇದು ಕಾಪಾಡುತ್ತದೆ. ಮೆಣಸಿಗೆ ಹೀಗೆ ಮಾಡಬೇಡಿ, ಟ್ರೇನಲ್ಲಿ ಎಷ್ಟು ಆಳ ಇತ್ತೋ ಅಷ್ಟೇ. ಟೊಮೆಟೊಗೆ 20 ಲೀಟರ್ ಚೀಲ, ಮೆಣಸಿಗೆ 10 ಲೀಟರ್ ಸಾಕು. ಕೆಂಪುಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಕೊಕೊಪೀಟ್ ಸಮಸಮ, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ನಾಟಿ ಸಂಜೆ ಹೊತ್ತು.

ನವೆಂಬರ್

ಒಂದು ಟೊಮೆಟೊ ಹೋಯಿತು. ಬೆಳಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನಕ್ಕೆ ತಲೆ ಬಗ್ಗಿಸಿತು, ಸಂಜೆ ಎದ್ದಿತು, ಮಾರನೇ ದಿನ ಏಳಲಿಲ್ಲ. ಎಲೆ ಒಂದೂ ಹಳದಿಯಾಗಿರಲಿಲ್ಲ, ಹಸಿರಿದ್ದ ಹಾಗೆಯೇ ಸೊರಗಿತ್ತು. ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತುದಿ ಅದ್ದಿ ಹಿಡಿದೆ. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಕಡೆಯಿಂದ ಬೆಳ್ಳಗಿನ ಎಳೆಯೊಂದು ಸಣ್ಣಗೆ ನೀರಿನಲ್ಲಿ ಇಳಿಯತೊಡಗಿತು. ಅದೇ ದುಂಡಾಣು ಸೊರಗು ರೋಗ. ಔಷಧಿ ಇಲ್ಲ. ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಇದು ಜಾಸ್ತಿ. ಆ ಚೀಲದ ಮಣ್ಣಿಗೆ ಇನ್ನು ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಯಾವುದೂ ಇಲ್ಲ. ಅದನ್ನು ಬೇರೆ ಮಾಡಿಟ್ಟು ಅಲಸಂದೆ ಹಾಕಿದ್ದೇನೆ. ಅರ್ಕಾ ಗೌರವ್ ತಂದಿದ್ದಕ್ಕೆ ಕಾರಣವೂ ಇದೇ, ಈ ರೋಗವನ್ನು ಅದು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ.

ಬ್ಯಾಡಗಿ ಗಿಡಗಳಿಗೆ ಮುಟುರು ಶುರುವಾಗಿದೆ. ಮುಟುರು ಅಂದ ತಕ್ಷಣ ಸಿಕ್ಕಿದ್ದು ಹೊಡೆಯುವ ಬದಲು ಎಲೆ ಯಾವ ಕಡೆ ಮುದುಡಿದೆ ನೋಡಿ. ಅಂಚು ಮೇಲಕ್ಕೆ ಮಡಚಿ ದೋಣಿಯಾಗಿದ್ದರೆ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಹುಳ. ಕೆಳಕ್ಕೆ ಮಡಚಿ ದೋಣಿ ಕವುಚಿದಂತಿದ್ದು ಎಲೆ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಕಣ್ಣಿಗೆ ಕಾಣದಷ್ಟು ಸಣ್ಣದು. ನನ್ನಲ್ಲಿ ಮೇಲ್ಮುಖ, ಅಂದರೆ ಥ್ರಿಪ್ಸ್. ಬಿಳಿ ಹಾಳೆ ಮೇಲೆ ಚಿಗುರು ತಟ್ಟಿದಾಗ ಹಳದಿ ಗೀಟಿನಂಥ ಹುಳ ಓಡಾಡಿದ್ದು ಕಂಡಿತು. ನೀಲಿ ಅಂಟು ಹಾಳೆ ತೂಗುಹಾಕಿದೆ. ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಕಲಸಲು ನಾಲ್ಕು ಹನಿ ಸೋಪಿನ ನೀರು, ಬಿಸಿಲು ಇಳಿದ ಮೇಲೆ ಎಲೆ ಅಡಿಗೆ ಸಿಂಪಡಣೆ, ವಾರಕ್ಕೊಮ್ಮೆ. ನುಸಿಯಾಗಿದ್ದರೆ ನೀರಿನಲ್ಲಿ ಕರಗುವ ಗಂಧಕ ಬೇಕಾಗುತ್ತಿತ್ತು. ಎಣ್ಣೆ ಮತ್ತು ಗಂಧಕ ಬೆನ್ನಿಗೆ ಬೆನ್ನು ಹೊಡೆಯಬೇಡಿ, ಎರಡರ ನಡುವೆ ಎರಡು ವಾರವಾದರೂ ಇರಲಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಟೊಮೆಟೊ ಹತ್ತಿರ ಹಳದಿ ಹಾಳೆ, ಅದು ಬಿಳಿ ನೊಣಕ್ಕೆ. ಟೊಮೆಟೊ ಎಲೆ ಮುದುಡು ವೈರಸ್ ಹೊತ್ತು ತರುವುದೇ ಅದು.

ಡಿಸೆಂಬರ್

ಇದು ನನಗೆ ಎಲ್ಲಕ್ಕಿಂತ ಇಷ್ಟದ ತಿಂಗಳು. ರಾತ್ರಿ ತಂಪು, ಹಗಲು ಹದ ಬಿಸಿಲು. ಟೊಮೆಟೊ ಹೂ ಬಿಟ್ಟರೆ ಸಾಲದು, ಕಾಯಿ ಕಚ್ಚಬೇಕು, ಅದಕ್ಕೆ ರಾತ್ರಿಯ ತಂಪೇ ಮುಖ್ಯ. ಏಪ್ರಿಲ್ ಸೆಕೆಯಲ್ಲಿ ಅದೇ ಗಿಡದ ಹೂವೆಲ್ಲ ಉದುರುತ್ತದೆ. ಗೊಬ್ಬರ ಸಾಲದು ಅಂದುಕೊಂಡು ಮತ್ತಷ್ಟು ಸುರಿಯುವವರಿದ್ದಾರೆ, ಕೊರತೆ ಇರುವುದು ಗೊಬ್ಬರದ್ದಲ್ಲ.

ಬೆಳಗ್ಗೆ ಒಂಬತ್ತರ ಹೊತ್ತಿಗೆ ನೀಲಿ ಪಟ್ಟೆಯ ಜೇನ್ನೊಣ ಬರುತ್ತಿದೆ. ಟೊಮೆಟೊ ಹೂವಿನ ಪರಾಗ ಹಳದಿ ಕೊಳವೆಯೊಳಗೆ ಮುಚ್ಚಿಕೊಂಡಿರುತ್ತದೆ, ತುದಿಯ ಸಣ್ಣ ಕಂಡಿಯಿಂದ ಉದುರಬೇಕು. ನಮ್ಮ ಮಾಮೂಲಿ ತುಡುವೆ ಜೇನಿಗೆ ಆ ಕಲೆ ಇಲ್ಲ. ಈ ನೊಣ ಹೂವಿಗೆ ಕೆಳಗಿಂದ ಜೋತುಬಿದ್ದು, ಕೊಳವೆಯನ್ನು ಹಿಡಿದುಕೊಂಡು, ರೆಕ್ಕೆ ಬಡಿಯದೆ ಮೈಯನ್ನು ಮಾತ್ರ ನಡುಗಿಸುತ್ತದೆ. ಹಾರುವಾಗಿನ ಗುಂಯ್ ಸದ್ದು ಥಟ್ಟನೆ ಸಣ್ಣ, ಚೂಪಾದ ಸದ್ದಾಗುತ್ತದೆ. ಒಂದೆರಡು ಕ್ಷಣ, ಅಷ್ಟೇ, ಹೊಟ್ಟೆಯ ಮೇಲೆ ಪುಡಿ ಉದುರುತ್ತದೆ. ಇದನ್ನು ನೋಡುತ್ತಾ ನಿಂತರೆ ಕಾಫಿ ಆರಿಹೋಗುತ್ತದೆ. ನೊಣ ಬಾರದ ಮನೆಗಳಲ್ಲಿ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೂ ಕೆಲಸ ಆಗುತ್ತದೆ. ಗಾಳಿಗೂ ತಕ್ಕಮಟ್ಟಿಗೆ ಆಗುತ್ತದೆ.

ಮೊದಲ ಕಾಯಿಗಳಲ್ಲಿ ಕೆಲವು ತಳ ಕಪ್ಪಾಗಿವೆ, ಚರ್ಮದಂತೆ ಒಣಗಿ ಚಪ್ಪಟೆಯಾಗಿವೆ. ಇದು ರೋಗ ಅಲ್ಲ, ಕಾಯಿ ತುದಿಗೆ ಕ್ಯಾಲ್ಸಿಯಂ ತಲುಪದೇ ಇರುವುದು. ಕ್ಯಾಲ್ಸಿಯಂ ನೀರಿನ ಜೊತೆಗೇ ಹೋಗುವುದರಿಂದ ಒಮ್ಮೆ ಒಣಗಿಸಿ ಒಮ್ಮೆ ಮುಳುಗಿಸಿದರೆ ಮಣ್ಣಲ್ಲಿ ಎಷ್ಟಿದ್ದರೂ ಉಪಯೋಗವಿಲ್ಲ. ಮೊಟ್ಟೆ ಸಿಪ್ಪೆ ಕರಗಲು ತಿಂಗಳುಗಳೇ ಬೇಕು, ಇವತ್ತು ಹಾಕಿ ನಾಳೆ ಫಲ ಕಾಣುವುದಿಲ್ಲ. ಚೀಲದ ಮೇಲೆ ಅಡಿಕೆ ಸಿಪ್ಪೆ ಹೊದಿಸಿದೆ, ಒದ್ದೆ ಒಂದೇ ಸಮ ಇರುತ್ತದೆ. ಎರಡನೇ ಗೊಂಚಲು ಚೆನ್ನಾಗಿದೆ.

ಜನವರಿ

ಟೊಮೆಟೊ ವಾರಕ್ಕೆರಡು ಸಲ ಕೊಯ್ಲು. ಹುಳಿ ಹದವಾಗಿದೆ, ಸಾರಿಗೆ ಹುಣಸೆ ಕಡಿಮೆ ಮಾಡಿದ್ದೇವೆ.

ದೊಣ್ಣೆಮೆಣಸು ಗಿಡಕ್ಕೆ ನಾಲ್ಕೈದು ಕಾಯಿ ಬಿಟ್ಟಿದೆ. ಹಸಿರು ಇದ್ದಾಗಲೇ ಕೊಯ್ದರೆ ಇನ್ನಷ್ಟು ಬಿಡುತ್ತದೆ. ಆದರೂ ಒಂದೆರಡನ್ನು ಕಿತ್ತಳೆ ಹಳದಿ ತಿರುಗಲು ಬಿಟ್ಟಿದ್ದೇನೆ. ತೆರೆದ ತಾರಸಿಯಲ್ಲಿ ದೊಣ್ಣೆಮೆಣಸು ಚಳಿಗಾಲದ ಬೆಳೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹಗಲು 32 ದಾಟಿದರೆ ಹೂ ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ನೆರಳು ನೆಟ್ ಇಲ್ಲದೆ ಕೈ ಹಾಕಬೇಡಿ.

ಪಕ್ಕದ ಮನೆ ಆಂಟಿ ಕೇಳಿದರು, ಸೂಜಿ ಮೆಣಸಿನ ಪಕ್ಕ ಇಟ್ಟರೆ ದೊಣ್ಣೆಮೆಣಸು ಖಾರ ಆಗುವುದಿಲ್ಲವಾ ಅಂತ. ಈ ವರ್ಷದ ಕಾಯಿ ಆಗುವುದಿಲ್ಲ. ಕಾಯಿ ತಾಯಿ ಗಿಡದ್ದು, ಬೇರೆ ಗಿಡದ ಪರಾಗ ಬಿದ್ದರೂ ಬೀಜದೊಳಗೆ ಮಾತ್ರ ಬೆರಕೆ. ಆ ಬೀಜ ಹಾಕಿದರೆ ಮುಂದಿನ ವರ್ಷ ಗೊತ್ತಾಗುತ್ತದೆ. ನಿಜವಾಗಿ ಹುಷಾರಾಗಬೇಕಿರುವುದು ಬ್ಯಾಡಗಿ ಬಗ್ಗೆ, ಅದೂ ದೊಣ್ಣೆಮೆಣಸೂ ಒಂದೇ ಜಾತಿ, ಸುಲಭವಾಗಿ ಬೆರೆಯುತ್ತವೆ. ಅದಕ್ಕೆ ಬೀಜಕ್ಕೆ ಬೇಕಾದ ಮೊಗ್ಗುಗಳಿಗೆ ಅರಳುವ ಮೊದಲೇ ಸಣ್ಣ ನೆಟ್ ಚೀಲ ಕಟ್ಟಿದ್ದೆ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಕೆಂಪು ದಾರ ಕಟ್ಟಿದರೆ ಗುರುತು ಸಿಗುತ್ತದೆ. ಅಂದಹಾಗೆ ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ.

ಫೆಬ್ರುವರಿ

ಬ್ಯಾಡಗಿ ಗಿಡದಲ್ಲೇ ಕೆಂಪಾಗಿ ಗಿಡದಲ್ಲೇ ನೆರಿಗೆ ಬೀಳುತ್ತಿದೆ. ಅವಸರಕ್ಕೆ ಕೊಯ್ದರೆ ಆ ಬಣ್ಣ ಬರುವುದಿಲ್ಲ. ದಾರ ಕಟ್ಟಿದವನ್ನು ಬಿಟ್ಟು ಉಳಿದದ್ದು ಮೊರದಲ್ಲಿ ಒಣಗುತ್ತಿದೆ.

ಟೊಮೆಟೊ ಬೀಜವನ್ನು ಲೋಳೆ ಸಮೇತ ಲೋಟದಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟು, ತೇಲಿದ್ದು ಚೆಲ್ಲಿ, ತಳದ ಬೀಜ ತೊಳೆದು ನೆರಳಲ್ಲಿ ಒಣಗಿಸಿದೆ. ಆ ಲೋಳೆಯೇ ಮೊಳಕೆ ತಡೆಯುವುದು. ಸೂಜಿ ಮೆಣಸು ಈಗಷ್ಟೇ ಕಾಯಿ ಹಿಡಿಯುತ್ತಿದೆ, ಎಲ್ಲ ಆಕಾಶ ನೋಡುತ್ತಾ ನೆಟ್ಟಗೆ. ಉಳಿದವು ಮುಗಿದರೂ ಇದು ಮುಗಿಯುವುದಿಲ್ಲ, ಹಲವು ವರ್ಷ ಬಾಳುವ ಗಿಡ, ಹಾಗಾಗಿ ಇನ್ನೂ ದೊಡ್ಡ ಕುಂಡಕ್ಕೆ ಬದಲಾಯಿಸುತ್ತಿದ್ದೇನೆ.

ಮುಂದಿನ ಸಲ ಬ್ಯಾಡಗಿಯನ್ನು ಹಾವೇರಿ ರೈತರ ಹಾಗೆ ಮುಂಗಾರಿಗೇ, ಜೂನ್‌ನಲ್ಲಿ, ಶೀಟಿನಡಿ ಬಿತ್ತಿ ನೋಡುವ ಯೋಚನೆ ಇದೆ. ಸೂಜಿ ಮೆಣಸು ಹಣ್ಣಾದಾಗ ಬೀಜ ಹಂಚುತ್ತೇನೆ, ಬೇಕಾದವರು ಈಗಲೇ ಹೇಳಿಡಿ, ಪಿಕಳಾರ ಆಗಲೇ ಬಂದು ನೋಡಿಕೊಂಡು ಹೋಗಿದೆ.