ಖಾತೆಯಲ್ಲಿ ಹಣವಿದೆ, ಮೋರಿಗೆ ಇಲ್ಲ

ನಮ್ಮೂರಿನ ಶಾಲೆಗೆ ಹೋಗುವ ದಾರಿಯ ಮೋರಿ, ಅಂದರೆ ಕಿರುಸೇತುವೆ, ಕುಸಿದು ಎರಡು ಮಳೆಗಾಲ ಕಳೆದವು. ಅದನ್ನು ಕ್ರಿಯಾ ಯೋಜನೆಗೆ ಸೇರಿಸಿ ಎಂದು ಕಳೆದ ಗ್ರಾಮಸಭೆಯಲ್ಲಿ ನಾಲ್ಕಾರು ಜನ ಎದ್ದು ನಿಂತು ಕೇಳಿದಾಗ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರು ಕಡತ ತಿರುವಿ, ಖಾತೆಯಲ್ಲಿ ಹಣವಿದೆಯಾದರೂ ಅದು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟ ಹಣವೆಂದೂ, ಉಳಿದದ್ದು ಆಗಲೇ ಬೇರೆ ಕಾಮಗಾರಿಗಳಿಗೆ ಹಂಚಿಹೋಗಿದೆಯೆಂದೂ ಹೇಳಿದರು. "ಹಂಗಾದ್ರೆ ಮೋರೀನೇ ಚರಂಡಿ ಅಂತ ಬರ್ಕೊಳಿ" ಎಂದು ಹಿರಿಯರೊಬ್ಬರು ಕೂಗಿದ್ದಕ್ಕೆ ಸಭೆಯೆಲ್ಲ ನಕ್ಕಿತು. ಪಿಡಿಒ ನಗಲಿಲ್ಲ, ಲೆಕ್ಕ ಪರಿಶೋಧನೆಗೆ ಉತ್ತರ ಕೊಡಬೇಕಾದವರು ಅವರೇ.

ಕೇಂದ್ರದ ತೆರಿಗೆ ಹಣದಲ್ಲಿ ಯಾರಿಗೆ ಎಷ್ಟೆಂದು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 15ನೆಯದು 2021ರಿಂದ 2026ರವರೆಗೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಶೇ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೆ ಬದ್ಧವಾಗಿತ್ತು, ಊರಿನವರ ಆಯ್ಕೆಗೆ ಸಿಕ್ಕಿದ್ದು ಶೇ 40 ಮಾತ್ರ, ಅದರಿಂದಲೂ ಸಂಬಳ ಕೊಡುವಂತಿರಲಿಲ್ಲ. ನೀರು, ನೈರ್ಮಲ್ಯ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಯಾವ ಊರಿಗೆ ಈ ವರ್ಷ ಯಾವುದು ಮೊದಲು ಬೇಕೆಂಬುದನ್ನು ದೆಹಲಿಯಲ್ಲಿ ತೀರ್ಮಾನಿಸಿದ ಮೇಲೆ ಗ್ರಾಮಸಭೆಗೆ ಉಳಿಯುವುದು ಸಹಿ ಹಾಕುವ ಕೆಲಸವಷ್ಟೇ.

ಇಷ್ಟಾದರೂ ದೋಷವನ್ನೆಲ್ಲ ದೆಹಲಿಯ ಮೇಲೆ ಹೊರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022-23ರಲ್ಲಿ ದೇಶದ ಪಂಚಾಯಿತಿಗಳ ಆದಾಯದಲ್ಲಿ ಸ್ವಂತ ತೆರಿಗೆಯ ಪಾಲು ಸುಮಾರು ಶೇ 1. ಸುಮಾರು ಶೇ 80 ಕೇಂದ್ರದ ಅನುದಾನ, ಶೇ 15 ರಾಜ್ಯದ್ದು. ತೆರಿಗೆ ಹಾಕುವ ಅಧಿಕಾರ ಇಲ್ಲವೆಂದಲ್ಲ. ಸಂವಿಧಾನದ 243ಎಚ್ ವಿಧಿ ಅದಕ್ಕೆ ದಾರಿ ಮಾಡಿಕೊಟ್ಟಿದೆ, ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ ಕಟ್ಟಡ, ನಿವೇಶನ, ನೀರು, ಸಂತೆ ಎಲ್ಲದಕ್ಕೂ ಕರ ವಿಧಿಸಲು ಅವಕಾಶ ಕೊಟ್ಟಿದೆ. ಆದರೆ ಕರ ಏರಿಸಬೇಕಾದ ಸದಸ್ಯ ಗೆದ್ದಿರುವುದು ಹತ್ತಿಪ್ಪತ್ತು ಮತಗಳ ಅಂತರದಲ್ಲಿ, ಕಟ್ಟಬೇಕಾದವರಲ್ಲಿ ಅರ್ಧ ಜನ ಅವನ ನೆಂಟರು. ಮೇಲಿನಿಂದ ಹಣ ಹೇಗೂ ಬರುವಾಗ ಈ ನಿಷ್ಠುರ ಅವನಿಗೇಕೆ ಬೇಕು?

ನನ್ನ ಮನೆಯ ಕಂದಾಯದ ರಸೀದಿ ಈಗ ಮುಂದಿದೆ. ಮನೆ ತೆರಿಗೆ 600 ರೂಪಾಯಿ. ಅದರ ಮೇಲೆ ಗ್ರಂಥಾಲಯ ಕರ ಶೇ 6ರಂತೆ 36, ಭಿಕ್ಷುಕರ ಕರ ಶೇ 3ರಂತೆ 18, ಜೊತೆಗೆ ಆರೋಗ್ಯ ಮತ್ತು ಶಿಕ್ಷಣದ ಕರಗಳು. ಈ ಕರಗಳನ್ನು ಮನೆಮನೆ ಅಲೆದು ವಸೂಲು ಮಾಡುವವನು ನಮ್ಮ ಬಿಲ್ ಕಲೆಕ್ಟರ್, ಹಣ ಸೇರುವುದು ಬೇರೆ ಇಲಾಖೆಗಳಿಗೆ. ಭಿಕ್ಷುಕರ ಹೆಸರಿನಲ್ಲಿ ಹಣ ಎತ್ತಿ ಬೇರೆಯವರಿಗೆ ಕೊಟ್ಟು, ತನ್ನ ಮೋರಿಗೆ ತಾನೇ ಕೈಚಾಚುವ ಪಂಚಾಯಿತಿಯ ಸ್ಥಿತಿಗೆ ಏನೆನ್ನಬೇಕೋ ತಿಳಿಯದು.

ರಾಜ್ಯದ ನಡೆಯೂ ಮೆಚ್ಚುವಂಥದ್ದಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಅನುದಾನವೂ ಇಲ್ಲ ಎಂಬುದು ಆಯೋಗದ ಷರತ್ತು.

ಅಂದ ಹಾಗೆ, ಹೆದ್ದಾರಿ ಬದಿಯ ಎರಡು ಕಲ್ಯಾಣ ಮಂಟಪಗಳು ನಮ್ಮ ಪಂಚಾಯಿತಿಯ ವಹಿಯಲ್ಲಿ ಇನ್ನೂ ಖಾಲಿ ನಿವೇಶನಗಳಾಗಿಯೇ ಉಳಿದಿವೆ. ಮುಂದಿನ ಗ್ರಾಮಸಭೆಯಲ್ಲಿ ಮೋರಿಯ ಮಾತಿನ ಜೊತೆಗೆ ಅದನ್ನೂ ಎತ್ತಬೇಕೆಂದಿದ್ದೇನೆ.